ಮೂರು ಶಾಲೆ ಅಳೆದ ಹುಡುಗಿ

"ಅಜ್ಜಾರೆ, ರೋಗ ಮಾಡಿದ ಹಾನಿಗೆ ಯಾರನ್ನು ದೂರಬೇಕು?" ಎಂದು ರಾಚಯ್ಯ ಕೇಳಿದ.

ರಾಚಯ್ಯ ಮಠದ ಕಿರಿಯ ಶಿಷ್ಯ. ಮಠ ನಡೆಸುವ ಶಾಲೆಗಳ ಉಸ್ತುವಾರಿ ಆ ವರ್ಷ ಅವನ ಪಾಲಿಗೆ ಬಂದಿತ್ತು. ದೊಡ್ಡ ರೋಗದ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದಿದ್ದವು. ಅವನ್ನೆಲ್ಲ ಸುತ್ತಿ ನೋಡಿ ಅವನು ಆಗಷ್ಟೇ ಮರಳಿದ್ದ. ಐದನೆಯ ತರಗತಿಯ ಮಕ್ಕಳು ಎರಡನೆಯ ತರಗತಿಯ ಪಾಠ ಓದಲಾರದೆ ತಲೆ ತಗ್ಗಿಸಿ ನಿಂತದ್ದನ್ನು ಕಂಡಿದ್ದ.

"ಯಾರನ್ನೂ ದೂರುವಂತಿಲ್ಲ ಎಂದೇ ನನಗೆ ತೋರುತ್ತದೆ. ರೋಗ ಬಂತು, ಮಕ್ಕಳ ಎರಡು ವರ್ಷ ತಿಂದು ಹೋಯಿತು. ನಾವು ಸಮಾಧಾನ ತಂದುಕೊಂಡು ಮುಂದೆ ನಡೆಯಬೇಕು. ಅಲ್ಲವೇ?"

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಸಿಟ್ಟಾಗುವವರಲ್ಲ. ಆ ದಿನ ಸಿಟ್ಟಾದರು.

"ಸಮಾಧಾನದ ಮಾತನ್ನು ಅಷ್ಟು ಬೇಗ ಆಡಬೇಡ" ಎಂದರು. "ಕುಳಿತುಕೋ. ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ಕೇಳಿದ ಮೇಲೆ ಸಮಾಧಾನ ಉಳಿದಿದ್ದರೆ ನೀನೇ ಇಟ್ಟುಕೋ."

ರಾಚಯ್ಯ ಕುಳಿತ. ಅಜ್ಜನವರು ಹೇಳತೊಡಗಿದರು.

ಒಂದು ಜಿಲ್ಲೆ. ಅದರ ಒಂದು ಅಂಚು ಬರೀ ಬಯಲು, ಇನ್ನೊಂದು ಅಂಚಿನಲ್ಲಿ ಹೊಳೆ. ಬಯಲಿನಲ್ಲಿ ತಾಂಡಾಗಳು, ಹೊಳೆಯ ದಂಡೆಯಲ್ಲಿ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳು. ಬಯಲಿನ ಒಂದು ತಾಂಡಾದಲ್ಲಿ ಗೋಪು ಎಂಬ ಕೂಲಿಯವನಿದ್ದ. ದೀಪಾವಳಿ ಮುಗಿದೊಡನೆ ಹೆಂಡತಿ ಮತ್ತು ಮಗಳೊಂದಿಗೆ ಲಾರಿ ಹತ್ತಿ ಕಬ್ಬಿನ ಕಡೆಗೆ ಹೋಗುವನು. ಯುಗಾದಿಯ ಹೊತ್ತಿಗೆ ಮರಳುವನು. ಮಗಳ ಹೆಸರು ದೇವ್ಲಿ.

ಶಾಲೆ ಮುಚ್ಚಿದಾಗ ದೇವ್ಲಿ ಎರಡನೆಯ ತರಗತಿಯಲ್ಲಿದ್ದಳು. ಅಕ್ಷರ ಬಂದಿತ್ತು, ಕೂಡಿಸಿ ಓದುವುದು ಆಗಷ್ಟೇ ಹಿಡಿತಕ್ಕೆ ಸಿಕ್ಕಿತ್ತು. ಆಮೇಲೆ ರೋಗ ತಾಂಡಾಕ್ಕೂ ಬಂತು. ಗೋಪುವಿನ ಮನೆಯಲ್ಲಿ ಎಲ್ಲರೂ ಮಲಗಿದರು, ಎಲ್ಲರೂ ಎದ್ದರು. ಆದರೆ ಜ್ವರ ಬಿಟ್ಟ ಮೇಲೆ ದೇವ್ಲಿಯ ಎಡಗಿವಿ ಸೋರತೊಡಗಿತು. ಆಗ ಆಸ್ಪತ್ರೆಯಲ್ಲಿ ಕಿವಿ ನೋಡುವವರು ಯಾರಿದ್ದರು? ತಾಯಿ ಬಿಸಿ ಎಣ್ಣೆ ಬಿಟ್ಟಳು. ಸೋರುವುದು ನಿಂತಂತಾಯಿತು. ಕೇಳುವುದೂ ನಿಂತಿತು. ಅದು ಯಾರಿಗೂ ತಿಳಿಯಲಿಲ್ಲ. ಎಷ್ಟೋ ಸಲ ಕರೆದರೂ ಹುಡುಗಿ ತಿರುಗುತ್ತಿರಲಿಲ್ಲ. ಮನೆಯಲ್ಲೇ ಕುಳಿತು ಮಗಳು ಹಟಮಾರಿಯಾದಳು ಎಂದು ತಾಯಿ ಬೈದಳು.

ಶಾಲೆ ತೆರೆದಾಗ ದೇವ್ಲಿಯನ್ನು ನಾಲ್ಕನೆಯ ತರಗತಿಯಲ್ಲಿ ಕೂರಿಸಿದರು. ವಯಸ್ಸು ಬೆಳೆದಿತ್ತು, ಅಷ್ಟೇ.

ತಾಂಡಾದ ಶಾಲೆಯ ಶಿಕ್ಷಕಿ ಹಸೀನಾ. ಶಾಲೆ ತೆರೆದ ಕೂಡಲೇ ಜಿಲ್ಲೆಯ ಕಚೇರಿಯಿಂದ ಒಂದು ಆದೇಶ ಬಂತು. ಪ್ರತಿಯೊಂದು ಮಗುವನ್ನೂ ಪರೀಕ್ಷಿಸಬೇಕು. ಏನು ಓದಬಲ್ಲದು, ಎಷ್ಟು ಲೆಕ್ಕ ಮಾಡಬಲ್ಲದು ಎಂದು ಕಂಪ್ಯೂಟರಿಗೆ ತುಂಬಬೇಕು. ಯಾವ ಮಗು ಎಲ್ಲಿ ಹಿಂದೆ ಬಿದ್ದಿದೆ ಎಂದು ತಿಳಿದರೆ ಅಲ್ಲಿಂದಲೇ ಎತ್ತಿಕೊಳ್ಳಬಹುದು. ಒಳ್ಳೆಯ ಆದೇಶ. ಬರೆದವರ ಮನಸ್ಸೂ ಒಳ್ಳೆಯದೇ ಇದ್ದೀತು. ಹಸೀನಾ ಅದನ್ನು ನಂಬಿದಳು.

ದೇವ್ಲಿಯ ಸರದಿ ಬಂದಾಗ ಹುಡುಗಿ ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಶಿಕ್ಷಕರು ಸೊನ್ನೆ ಹಾಕಿ ಮುಂದೆ ಹೋಗೋಣ ಎಂದರು. ಹಸೀನಾಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನ ಊಟ ಬಡಿಸುವಾಗ ಹುಡುಗಿಯ ಬಲಕ್ಕೆ ಬಾಗಿ, "ಇನ್ನೂ ಸ್ವಲ್ಪ ಸಾರು ಹಾಕಲಾ?" ಎಂದಳು. ದೇವ್ಲಿ ಥಟ್ಟನೆ, "ಬೇಡ ಟೀಚರ್, ಖಾರ" ಎಂದಳು. ಹಸೀನಾ ಸುಮ್ಮನೆ ಎಡಕ್ಕೆ ಬಂದು ಅದೇ ಮಾತು ಕೇಳಿದಳು. ಹುಡುಗಿ ಅನ್ನ ಕಲಸುತ್ತ ಕುಳಿತಿದ್ದಳು.

ಮರುದಿನದಿಂದ ದೇವ್ಲಿ ಮುಂದಿನ ಸಾಲಿನಲ್ಲಿ, ಎಡಗಡೆಯ ಗೋಡೆಗೆ ಒತ್ತಿ ಕುಳಿತಳು. ಟೀಚರ ಮಾತೆಲ್ಲ ಬಲಗಿವಿಗೆ ಬಿತ್ತು. ಹುಡುಗಿ ಮೊದಲು ಅಕ್ಷರಗಳನ್ನು ಮರಳಿ ಪಡೆದಳು. ಆಮೇಲೆ ಒತ್ತಕ್ಷರ. ದಸರೆಯ ಹೊತ್ತಿಗೆ ಪುಟ್ಟ ಪುಟ್ಟ ಸಾಲುಗಳನ್ನು ಬೆರಳಿಟ್ಟು ಓದುತ್ತಿದ್ದಳು. ಒಂದು ದಿನ ಬೆಂಕಿಪೊಟ್ಟಣದ ಮೇಲಿನ ಹೆಸರನ್ನು ತಾನೇ ಓದಿ ತಾಯಿಗೆ ತೋರಿಸಿದಳಂತೆ. ತಾಯಿ ಆ ಪೊಟ್ಟಣವನ್ನು ಎಸೆಯದೆ ಇಟ್ಟುಕೊಂಡಿದ್ದಳು.

ಹಸೀನಾ ಇದನ್ನೆಲ್ಲ ಕಂಪ್ಯೂಟರಿಗೆ ತುಂಬಿದಳು. ಕೊನೆಯಲ್ಲಿ ಷರಾ ಬರೆಯುವ ಜಾಗವಿತ್ತು. ಅಲ್ಲಿ ಹೀಗೆ ಬರೆದಳು: 'ಎಡಗಿವಿ ಕೇಳಿಸದು. ಬಲಗಡೆಯಿಂದ ಮಾತನಾಡಿದರೆ ಬೇಗ ಕಲಿಯುತ್ತಾಳೆ. ಕಿವಿಯನ್ನು ಡಾಕ್ಟರಿಗೆ ತೋರಿಸುವುದು ಅವಶ್ಯ.' ಕಿವಿ ಡಾಕ್ಟರು ಚಳಿಗಾಲದಲ್ಲಿ ಶಾಲೆಗಳಿಗೆ ಬರುತ್ತಾರೆಂದು, ದೇವ್ಲಿಯ ಹೆಸರು ಪಟ್ಟಿಗೆ ಸೇರಿದೆಯೆಂದು ಕಚೇರಿಯ ಗುಮಾಸ್ತನಿಂದ ಉತ್ತರವೂ ಬಂತು.

ದೀಪಾವಳಿ ಮುಗಿಯಿತು. ಗೋಪು ಲಾರಿ ಹತ್ತಿದ. ಜೊತೆಗೆ ದೇವ್ಲಿಯೂ.

ಹೊಳೆಯ ದಂಡೆಯ ಕಾರ್ಖಾನೆಯ ಬಳಿ ಒಂದು ಶಾಲೆಯಿತ್ತು. ಕಬ್ಬು ಕಡಿಯುವವರ ಮಕ್ಕಳು ಬಂದರೆ ಅಲ್ಲಿ ಸೇರಿಸಿಕೊಳ್ಳುತ್ತಿದ್ದರು. ಅಲ್ಲಿನ ಮೇಷ್ಟ್ರು ಕೆಟ್ಟವರಲ್ಲ. ಹೊಸ ಮಗುವನ್ನು ಪರೀಕ್ಷಿಸಬೇಕೆಂಬ ಆದೇಶ ಅವರಿಗೂ ಇತ್ತು. ಪರೀಕ್ಷಿಸಿದರು. ಎತ್ತರದ ಹುಡುಗಿಯೆಂದು ದೇವ್ಲಿಯನ್ನು ಹಿಂದಿನ ಸಾಲಿನ ಬಲತುದಿಯಲ್ಲಿ ಕೂರಿಸಿದ್ದರು. ಅವರ ಮಾತೆಲ್ಲ ಎಡಗಿವಿಗೆ ಬಿತ್ತು. ಹುಡುಗಿ ಸುಮ್ಮನೆ ನೋಡಿದಳು. ಮೇಷ್ಟ್ರಿಗೆ ಅನುಮಾನ ಬಂತು. ಕಚೇರಿಗೆ ಫೋನು ಮಾಡಿ, "ಈ ಮಗುವನ್ನು ತಾಂಡಾದಲ್ಲಿ ಪರೀಕ್ಷೆ ಮಾಡಿರಬೇಕಲ್ಲ. ಅಲ್ಲಿನ ವಿವರ ಕೊಡಿ, ಅಲ್ಲಿಂದ ಮುಂದೆ ಕಲಿಸುತ್ತೇನೆ" ಎಂದರು.

"ಬೇರೆ ಶಾಲೆಯ ಮಾಹಿತಿ ನಿಮಗೆ ಕೊಡಲು ಬರುವುದಿಲ್ಲ" ಎಂದು ಕಚೇರಿ ಹೇಳಿತು.

ರಾಚಯ್ಯ, ಇದನ್ನು ಗಮನಿಸು. ಅದು ಬೇರೆ ರಾಜ್ಯವಲ್ಲ. ಬೇರೆ ಜಿಲ್ಲೆಯೂ ಅಲ್ಲ. ಅದೇ ಕಚೇರಿ. ಹಸೀನಾ ತುಂಬಿದ್ದು ಅಲ್ಲೇ ಇತ್ತು. ಮೇಷ್ಟ್ರು ಕೇಳಿದ್ದೂ ಅಲ್ಲಿಗೇ. ಇದ್ದವನು ಕೊಡಲಿಲ್ಲ, ಬೇಕಾದವನಿಗೆ ಸಿಗಲಿಲ್ಲ. ಮೇಷ್ಟ್ರು ಸೊನ್ನೆ ತುಂಬಿದರು.

ಸಂಕ್ರಾಂತಿಯ ಮುನ್ನ ಕಬ್ಬಿನ ತಂಡ ಮತ್ತೊಂದು ಕಾರ್ಖಾನೆಗೆ ಹೋಯಿತು. ಮತ್ತೊಂದು ಶಾಲೆ. ಮತ್ತೆ ಅದೇ ಪರೀಕ್ಷೆ, ಅದೇ ಹಾಳೆ. ಅಲ್ಲಿನ ಶಿಕ್ಷಕಿಗೆ ತರಗತಿ ತುಂಬಿತ್ತು, ಪುರುಸೊತ್ತು ಇರಲಿಲ್ಲ. ಎರಡು ಸಲ ಕೇಳಿದಳು. ಹುಡುಗಿ ಉತ್ತರಿಸಲಿಲ್ಲ. 'ಮಂದಬುದ್ಧಿ' ಎಂದು ತುಂಬಿದಳು. ಮುಂದಿನ ಸಾಲಿನ ಮಗುವೊಂದು ಅದನ್ನು ಓದಿ ಹೊರಗೆ ಬಂದು ಹೇಳಿತು. ಓದಲು ಬರುತ್ತಿದ್ದ ಮಗು, ನೋಡು. ಅಂದಿನಿಂದ ದೇವ್ಲಿಗೆ ಆ ಶಾಲೆಯಲ್ಲಿ ಹೆಸರಿಲ್ಲದಂತಾಯಿತು. 'ಮೂಕಿ' ಎಂದೇ ಕರೆದರು. ಬಲಗಡೆಯಿಂದ ಕರೆದಾಗ ಅದು ಅವಳಿಗೆ ಕೇಳಿಸುತ್ತಿತ್ತು.

ಹುಡುಗಿ ಶಾಲೆ ಬಿಟ್ಟಳು. ತಾಯಿಯ ಜೊತೆ ಗದ್ದೆಗೆ ಹೋಗಿ ಕಬ್ಬಿನ ಸೋಗೆ ಹೊರೆ ಕಟ್ಟತೊಡಗಿದಳು. ಚಳಿ, ಬೆಳಗಿನ ಇಬ್ಬನಿ, ಹಸಿ ನೆಲ. ಕಿವಿ ಮತ್ತೆ ಸೋರಿತು. ಈ ಸಲ ಎರಡೂ.

ಕಿವಿ ಡಾಕ್ಟರು ಹೇಳಿದಂತೆಯೇ ಚಳಿಗಾಲದಲ್ಲಿ ತಾಂಡಾದ ಶಾಲೆಗೆ ಬಂದರು. ಪಟ್ಟಿಯಲ್ಲಿ ದೇವ್ಲಿಯ ಹೆಸರು ಕೂಗಿದರು. ಕಬ್ಬಿಗೆ ಹೋಗಿದ್ದಾಳೆ ಎಂದು ಹಸೀನಾ ಹೇಳಿದಳು. ಅವಳು ಹೋದ ಊರಿನ ಶಾಲೆಗೆ ಹೆಸರು ಕಳಿಸಿ ಎಂದು ಬೇಡಿಕೊಂಡಳು. ಡಾಕ್ಟರ ಜೊತೆ ಬಂದಿದ್ದ ಗುಮಾಸ್ತ 'ಗೈರುಹಾಜರು' ಎಂದು ಒತ್ತಿದ. ಸ್ವಲ್ಪ ದಿನಕ್ಕೆ ಅದೇ ಡಾಕ್ಟರು ಹೊಳೆಯ ದಂಡೆಯ ಊರಿಗೂ ಹೋದರು. ದೇವ್ಲಿ ಹೊರೆ ಕಟ್ಟುತ್ತಿದ್ದ ಗದ್ದೆಯಿಂದ ಕೂಗಳತೆಯ ದೂರ. ಅಲ್ಲಿನ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಇದ್ದ ಮಕ್ಕಳನ್ನು ನೋಡಿ ಮುಗಿಸಿ ಊಟಕ್ಕೆ ಮೊದಲೇ ಹೊರಟರು.

ಯುಗಾದಿಗೆ ಗೋಪು ಮರಳಿದ. ಹಸೀನಾ ತಾನೇ ತಾಂಡಾಕ್ಕೆ ಹೋಗಿ ದೇವ್ಲಿಯ ಬಲಕ್ಕೆ ಕುಳಿತು ಪುಸ್ತಕ ತೆರೆದಳು. ಹುಡುಗಿ ಪುಸ್ತಕವನ್ನು ಮುಚ್ಚಿದಳು.

"ನನಗೆ ಬುದ್ಧಿ ಇಲ್ಲಂತೆ ಟೀಚರ್" ಎಂದಳು. "ಆ ಶಾಲೆಯಲ್ಲಿ ಬರೆದುಕೊಂಡರು."

"ಯಾರು ಹೇಳಿದ್ದು? ನೀನು ಓದುತ್ತಿದ್ದೆಯಲ್ಲ?"

ದೇವ್ಲಿ ಉತ್ತರಿಸಲಿಲ್ಲ. ಹಸೀನಾ ಮತ್ತೆ ಕೇಳಿದಳು, ಗಟ್ಟಿಯಾಗಿ ಕೇಳಿದಳು. ಆಗ ತಾನು ಕುಳಿತ ಜಾಗವನ್ನು ನೋಡಿಕೊಂಡಳು. ಅವಳು ಕುಳಿತದ್ದು ಬಲಗಡೆಗೇ.

ಮರುದಿನವೇ ಗೋಪುವನ್ನೂ ಹುಡುಗಿಯನ್ನೂ ಬಸ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ನೋಡಿದರು. ಮುಖ ಸಪ್ಪಗಾಯಿತು. "ಎಡಗಿವಿ ಹೋಗಿ ಬಹಳ ಕಾಲವಾಗಿದೆ. ಬಲಗಿವಿಗೂ ಹತ್ತಿದೆ. ಒಳಗೆ ತಿಂದುಬಿಟ್ಟಿದೆ. ಚಳಿಗಾಲದಲ್ಲಿ ಬಂದಿದ್ದರೆ ಉಳಿಸಬಹುದಿತ್ತು. ಆಗ ಎಲ್ಲಿದ್ದಳು ಈಕೆ?"

ಗೋಪು ಊರಿನ ಹೆಸರು ಹೇಳಿದ.

"ಅಲ್ಲಿಗೆ ನಾನೇ ಬಂದಿದ್ದೆನಲ್ಲಪ್ಪ" ಎಂದರು ಡಾಕ್ಟರು.

ಗೋಪು ತನ್ನ ಕೈಗಳನ್ನು ನೋಡಿಕೊಂಡ. ಇಷ್ಟು ದಿನ ತಪ್ಪು ತನ್ನದೆಂದು ತಿಳಿದಿದ್ದ ಮನುಷ್ಯ. ಮಗಳನ್ನು ಕಬ್ಬಿಗೆ ಕರೆದೊಯ್ದದ್ದು ತಪ್ಪು, ಅಕ್ಷರ ತಮ್ಮ ಹಣೆಯಲ್ಲಿ ಇಲ್ಲ ಎಂದುಕೊಂಡಿದ್ದ. ಬಡವನಿಗೆ ನಾವು ಕಲಿಸಿರುವುದು ಇದೊಂದನ್ನೇ. ಇದನ್ನು ಮಾತ್ರ ಬಹಳ ಚೆನ್ನಾಗಿ ಕಲಿಸಿದ್ದೇವೆ.

ಹಸೀನಾ ಆಸ್ಪತ್ರೆಯಿಂದ ನೇರ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಶಿಸ್ತಿನ ಮನುಷ್ಯ, ಲಂಚ ಮುಟ್ಟುವವನಲ್ಲ. ಅವನ ಕೋಣೆಯಲ್ಲಿ ಹೊಸದಾಗಿ ಬಂದ ಪ್ರಶಸ್ತಿ ಫಲಕವಿತ್ತು. ಒಂದು ಮಗುವನ್ನೂ ಬಿಡದೆ ಪರೀಕ್ಷಿಸಿದ ಜಿಲ್ಲೆ ಎಂದು ಅದರ ಮೇಲೆ ಬರೆದಿತ್ತು. ಹಸೀನಾ ದೇವ್ಲಿಯ ಹೆಸರು ಹೇಳಿದಳು. ಅವನು ಕಂಪ್ಯೂಟರಿನಲ್ಲಿ ಹುಡುಕಿದ.

ದೇವ್ಲಿ ಸಿಕ್ಕಳು. ಒಬ್ಬಳಲ್ಲ, ಮೂವರು. ಪ್ರತಿ ಶಾಲೆಯೂ ಅವಳಿಗೆ ಹೊಸ ಸಂಖ್ಯೆ ಕೊಟ್ಟಿತ್ತು. ಒಬ್ಬ ದೇವ್ಲಿ ಓದುತ್ತಾಳೆ. ಒಬ್ಬ ದೇವ್ಲಿ ಸೊನ್ನೆ. ಒಬ್ಬ ದೇವ್ಲಿ ಮಂದಬುದ್ಧಿ. ಜಿಲ್ಲೆಯ ವರದಿಯಲ್ಲಿ ಮೂವರನ್ನೂ ಎಣಿಸಿದ್ದರು. ಆ ಫಲಕಕ್ಕೆ ಅವಳು ಮೂರು ಸಲ ದುಡಿದಿದ್ದಳು.

"ನಾನು ಬರೆದ ಷರಾ ಓದಿ ಸರ್" ಎಂದಳು ಹಸೀನಾ.

ಅಧಿಕಾರಿ ಓದಿದ. ಮೊದಲ ಸಲ ಓದಿದ. ಷರಾ ವರದಿಗೆ ಸೇರುವುದಿಲ್ಲ, ಅಂಕಿಗಳು ಮಾತ್ರ ಸೇರುತ್ತವೆ ಎಂದ.

"ಇದನ್ನು ಹೊಳೆಯ ಕಡೆಯ ಮೇಷ್ಟ್ರಿಗೆ ಕೊಟ್ಟಿದ್ದರೆ ಸಾಕಿತ್ತು. ಅವರು ಫೋನು ಮಾಡಿ ಕೇಳಿದ್ದರೆಂದು ಇಲ್ಲೇ ದಾಖಲಾಗಿದೆ. ಯಾಕೆ ಕೊಡಲಿಲ್ಲ?"

"ಮಗುವಿನ ವಿವರ ಗೋಪ್ಯ ಮೇಡಂ. ಸಿಕ್ಕಸಿಕ್ಕವರಿಗೆ ಕೊಟ್ಟು ನಾಳೆ ಏನಾದರೂ ಆದರೆ ಹೊಣೆ ಯಾರು?"

"ಯಾರಿಂದ ಗೋಪ್ಯ ಸರ್? ಅವಳಿಗೆ ಪಾಠ ಹೇಳಬೇಕಾದವರಿಂದಲೇ? ಔಷಧಿ ಕೊಡಬೇಕಾದವರಿಂದಲೇ? ನೀವು ಆ ಹುಡುಗಿಯನ್ನು ಮೂರು ಸಲ ಅಳೆಸಿದಿರಿ. ಅಳೆದದ್ದನ್ನು ಒಂದು ಸಲವಾದರೂ ಅವಳಿಗಾಗಿ ತೆಗೆದು ನೋಡಿದಿರಾ? ನಾಳೆ ಏನಾದರೂ ಆದರೆ ಎನ್ನುತ್ತೀರಿ. ಆಗಿಹೋಗಿದೆ. ಹುಡುಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಬನ್ನಿ ನೋಡಿ."

ಅಧಿಕಾರಿ ಎದ್ದು ಹೋಗಿ ನೋಡಲಿಲ್ಲ.

ಇಲ್ಲಿ ರಾಚಯ್ಯ ಮೊದಲ ಸಲ ನಡುವೆ ಬಾಯಿ ಹಾಕಿದ. "ಅವನ ಮಾತಿನಲ್ಲೂ ಅರ್ಥವಿದೆಯಲ್ಲ ಅಜ್ಜಾರೆ? ಮಗುವಿನ ಕೊರತೆ ಬೀದಿಗೆ ಬರಬಾರದು."

"ಬೀದಿಗೆ ಬರಬಾರದು. ತರಗತಿಗೆ ಬರಬೇಕು" ಎಂದರು ಅಜ್ಜನವರು. "ಆದರೆ ಆದದ್ದೇನು? 'ಮಂದಬುದ್ಧಿ' ಎಂಬ ಸುಳ್ಳು ಅದೇ ದಿನ ಬೀದಿಗೆ ಬಂತು. 'ಬಲಗಡೆಯಿಂದ ಮಾತನಾಡಿ' ಎಂಬ ನಿಜ ಭದ್ರವಾಗಿ ಒಳಗೇ ಉಳಿಯಿತು. ಇದನ್ನು ಗೋಪ್ಯ ಕಾಯುವುದು ಎನ್ನುತ್ತೀಯಾ? ಕತೆ ಮುಗಿದಿಲ್ಲ. ಕೇಳು."

ಹಸೀನಾ ಮನೆಗೆ ಬಂದು ಹೊಳೆಯ ಕಡೆಯ ಮೇಷ್ಟ್ರ ಫೋನು ಪತ್ತೆ ಮಾಡಿ ಮಾತನಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. "ನನ್ನ ಬೆಂಚುಗಳನ್ನು ನಾನೇ ಜೋಡಿಸುತ್ತೇನಮ್ಮ" ಎಂದರು ಮೇಷ್ಟ್ರು. "ಅವಳನ್ನು ಆಚೆಯ ಗೋಡೆಗೆ ಕೂರಿಸುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಿತ್ತು!"

'ಮಂದಬುದ್ಧಿ' ಎಂದು ತುಂಬಿದ ಶಿಕ್ಷಕಿಗೂ ಫೋನು ಮಾಡಿದಳು. ಆಕೆ ಮೊದಲು ಜಗಳಕ್ಕೆ ಬಂದಳು. ಆಮೇಲೆ ಅತ್ತಳು. ಮೂವರೂ ಸೇರಿ ಒಂದು ನಿರ್ಧಾರಕ್ಕೆ ಬಂದರು. ಮಗು ಲಾರಿ ಹತ್ತುವ ಮುನ್ನ ತಂದೆತಾಯಿಯ ಒಪ್ಪಿಗೆ ಕೇಳುವುದು. ಮಗು ಹೋಗುವ ಊರಿನ ಶಾಲೆಗೆ ಫೋನು ಮಾಡಿ ಅದು ಏನು ಓದುತ್ತದೆ, ಎಲ್ಲಿ ತಡವರಿಸುತ್ತದೆ, ಹೇಗೆ ಹೇಳಿದರೆ ಕಲಿಯುತ್ತದೆ ಎಂದು ತಿಳಿಸುವುದು. ಕಲಿಸುವವರಿಗಷ್ಟೇ, ಬೇರೆ ಯಾರಿಗೂ ಅಲ್ಲ. ಬರುಬರುತ್ತ ಬಯಲಿನ ಬೇರೆ ತಾಂಡಾಗಳ ಶಿಕ್ಷಕರೂ ಹೊಳೆಯ ದಂಡೆಯ ಶಿಕ್ಷಕರೂ ಸೇರಿಕೊಂಡರು.

ಕಚೇರಿಗೆ ಸುದ್ದಿ ಹೋಯಿತು. ಹಸೀನಾಗೆ ನೋಟಿಸು ಬಂತು. ಅನುಮತಿಯಿಲ್ಲದೆ ಮಾಹಿತಿ ಹಂಚಿದ ತಪ್ಪಿಗೆ ಅವಳ ಬಡ್ತಿ ತಡೆದರು. ಜಿಲ್ಲೆಯ ಇನ್ನೊಂದು ಮೂಲೆಗೆ ವರ್ಗ ಮಾಡಹೊರಟರು. ಆಗ ಗೋಪು ತಾಂಡಾದವರನ್ನೆಲ್ಲ ಕರೆದುಕೊಂಡು ಹೋಗಿ ಕಚೇರಿಯ ಮುಂದೆ ಕುಳಿತ. ಜೀವಮಾನದಲ್ಲಿ ಯಾರಿಗೂ ಎದುರು ಮಾತನಾಡದ ಮನುಷ್ಯ, "ನನ್ನ ಮಗಳ ವಿಷಯ ಯಾರಿಗೆ ಹೇಳಬೇಕು ಅಂತ ನನ್ನನ್ನ ಕೇಳ್ರಿ. ನಾನು ಹೇಳ್ತೀನಿ" ಎಂದ. ವರ್ಗ ನಿಂತಿತು. ಬಡ್ತಿ ಬರಲಿಲ್ಲ.

ಮುಂದಿನ ಕಬ್ಬಿನ ಕಾಲದಲ್ಲಿ ತಾಂಡಾದ ಮಕ್ಕಳು ಹೊಳೆಯ ದಂಡೆಗೆ ಹೋದಾಗ ಅಲ್ಲಿನ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆದರು. ಯಾರನ್ನೂ ಮತ್ತೆ ಪರೀಕ್ಷೆಗೆ ಕೂರಿಸಲಿಲ್ಲ. ಗುಣಾಕಾರದಲ್ಲಿ ನಿಂತಿದ್ದವನಿಗೆ ಗುಣಾಕಾರದಿಂದ, ಒತ್ತಕ್ಷರದಲ್ಲಿ ನಿಂತಿದ್ದವಳಿಗೆ ಒತ್ತಕ್ಷರದಿಂದ ಹೇಳಿಕೊಟ್ಟರು. ಯುಗಾದಿಗೆ ಮರಳಿದಾಗ ಬಹುಪಾಲು ಮಕ್ಕಳು ತಮ್ಮ ತರಗತಿಯ ಪುಸ್ತಕ ಓದುತ್ತಿದ್ದರು. ಅದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಾಯಿತು, ಅಷ್ಟೇ. ಅಷ್ಟನ್ನು ಮಾಡಲು ಒಬ್ಬ ಹುಡುಗಿ ಹಾಳಾಗಬೇಕಾಯಿತು.

ದೇವ್ಲಿಯೂ ಓದಲು ಕಲಿತಳು. ಹಸೀನಾ ಹಲಗೆಯ ಮೇಲೆ ಬರೆದು, ಚಿತ್ರ ತೋರಿಸಿ, ತುಟಿಯಾಡಿಸಿ ಕಲಿಸಿದಳು. ಬಹಳ ಕಷ್ಟಪಟ್ಟರು, ಇಬ್ಬರೂ. ಬಲಗಿವಿಯನ್ನು ಉಳಿಸಲು ಡಾಕ್ಟರಿಗೆ ಆಗಲಿಲ್ಲ. ಕಿವಿಗೆ ಯಂತ್ರ ಕೊಟ್ಟರು, ಅದರಿಂದ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಈಗ ಅವಳು ತರಗತಿಯಲ್ಲಿ ಎದ್ದು ನಿಂತು ಪಾಠ ಓದುತ್ತಾಳೆ. ಗಟ್ಟಿಯಾಗಿ ಓದುತ್ತಾಳೆ, ಕೇಳುವವರು ಬೆಚ್ಚುವಷ್ಟು ಗಟ್ಟಿಯಾಗಿ. ತನ್ನ ದನಿ ಎಷ್ಟಿದೆಯೆಂದು ಅವಳಿಗೆ ತಿಳಿಯುವುದಿಲ್ಲ.

ಅಜ್ಜನವರು ನಿಲ್ಲಿಸಿದರು.

ರಾಚಯ್ಯನ ಕಣ್ಣು ತುಂಬಿತ್ತು. ಆದರೂ ಮನಸ್ಸು ಹಿಡಿದದ್ದನ್ನು ಬಿಟ್ಟಿರಲಿಲ್ಲ. "ಘೋರ, ಅಜ್ಜಾರೆ" ಎಂದ. "ಆದರೂ ಇದಕ್ಕೆಲ್ಲ ಮೂಲ ಆ ರೋಗವೇ ಅಲ್ಲವೇ?"

ಅಜ್ಜನವರು ಅವನನ್ನು ನೋಡಿದರು.

"ರೋಗ ಅವಳ ಒಂದು ಕಿವಿಯನ್ನಷ್ಟೇ ಒಯ್ದಿತ್ತು."